ಕಟ್ಟಡ ನೋಡಬೇಡಿ, ಮೀಸಲು ಹಣ ಎಲ್ಲಿದೆ ಎಂದು ಕೇಳಿ

ಪ್ರಶ್ನೆ: ನಾನು ಖಾನಾಪುರ ತಾಲ್ಲೂಕಿನ ನಿವೃತ್ತ ಶಿಕ್ಷಕ. ಬೆಳಗಾವಿಯಲ್ಲಿ ಶಾಲೆ, ವಸತಿನಿಲಯ, ಆಸ್ಪತ್ರೆ ನಡೆಸುವ ದೊಡ್ಡ ಚರ್ಚ್ ಸೇವಾ ಸಂಸ್ಥೆಯೊಂದಕ್ಕೆ ನಮ್ಮ ಮನೆಯವರು ಬಹಳ ವರ್ಷಗಳಿಂದ ಕಾಣಿಕೆ ಕೊಡುತ್ತಾ ಬಂದಿದ್ದೇವೆ. ಆಸ್ಪತ್ರೆಯ ಹೊಸ ಕಟ್ಟಡಕ್ಕೆಂದು ಶೇ 10ರ ಬಡ್ಡಿಗೆ ಠೇವಣಿ ಕೇಳಿದಾಗ ನಿವೃತ್ತಿಯ ಹಣದಲ್ಲಿ ಮೂರು ಲಕ್ಷ ರೂಪಾಯಿ ಇಟ್ಟೆ. ಈಗ ಬಡ್ಡಿ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಶಾಲೆಯ ಸಿಬ್ಬಂದಿಗೆ ಸಂಬಳವೂ ತಡವಂತೆ. ವಿಚಾರಿಸಿದರೆ ‘ಪ್ರತಿ ವರ್ಷ ಆಡಿಟ್ ಆಗುತ್ತದೆ, ದೇವರ ಕೆಲಸದಲ್ಲಿ ಸಂಶಯ ಬೇಡ’ ಎಂದರು. ಸಂಸ್ಥೆ ಮುಳುಗುತ್ತಿದೆಯೇ ಎಂದು ತಿಳಿಯುವುದು ಹೇಗೆ? ಲೆಕ್ಕ ಕೇಳುವ ಹಕ್ಕು ನನಗಿದೆಯೇ? ಕಾಣಿಕೆ ನಿಲ್ಲಿಸಬೇಕೇ?

ಉತ್ತರ: ಗುರುಗಳೇ, ನೀವು ಕೇಳಿರುವ ಮೂರು ಪ್ರಶ್ನೆಗಳಿಗಿಂತ ತುರ್ತಾದದ್ದು ಆ ಮೂರು ಲಕ್ಷ ರೂಪಾಯಿ. ಅಲ್ಲಿಂದಲೇ ಶುರು ಮಾಡುತ್ತೇನೆ.

ಕಾಣಿಕೆಯಾಗಿ ಕೊಟ್ಟ ಹಣ ಸಂಸ್ಥೆಯದು. ಹೇಳಿದ ಉದ್ದೇಶಕ್ಕೆ ಅದನ್ನು ಬಳಸುವ ಹೊಣೆ ಮಾತ್ರ ಅವರ ಮೇಲಿರುತ್ತದೆ. ಠೇವಣಿ ಹಾಗಲ್ಲ, ಅದು ನೀವು ಕೊಟ್ಟ ಸಾಲ. ಯಾವ ನಿಯಂತ್ರಕರ ಮೇಲ್ವಿಚಾರಣೆಯೂ ಇಲ್ಲದೆ ಸಾರ್ವಜನಿಕರಿಂದ ಠೇವಣಿ ಎತ್ತುವುದನ್ನೇ ವ್ಯವಹಾರವಾಗಿ ನಡೆಸುವುದನ್ನು 2019ರ ಅನಿಯಂತ್ರಿತ ಠೇವಣಿ ಯೋಜನೆಗಳ ನಿಷೇಧ ಕಾಯ್ದೆ ತಡೆಯುತ್ತದೆ. ಠೇವಣಿದಾರರ ಹಿತರಕ್ಷಣೆಗೆ ಕರ್ನಾಟಕದ್ದೇ ಆದ 2004ರ ಕಾಯ್ದೆಯೂ ಇದೆ. ನಿಮ್ಮ ಸಂಸ್ಥೆ ಎತ್ತಿದ ಹಣ ಈ ಕಾಯ್ದೆಗಳ ಅಡಿ ಬರುತ್ತದೆಯೇ ಎಂಬುದು ಎಷ್ಟು ಜನರಿಂದ ಎತ್ತಿದರು, ಬಹಿರಂಗವಾಗಿ ಕರೆ ಕೊಟ್ಟರೇ, ರಸೀದಿಯಲ್ಲಿ ಏನು ಬರೆದಿದ್ದಾರೆ ಎಂಬುದರ ಮೇಲೆ ನಿಂತಿದೆ. ಆ ರಸೀದಿಯನ್ನು ವಕೀಲರೊಬ್ಬರಿಗೆ ತೋರಿಸಿ.

ನನ್ನನ್ನು ಕಾಡುವುದು ಕಾಯ್ದೆಗಿಂತ ಹೆಚ್ಚಾಗಿ ಇನ್ನೊಂದು ಸಂಗತಿ. ಇಷ್ಟು ದೊಡ್ಡ ಸಂಸ್ಥೆ ಬ್ಯಾಂಕಿಗೆ ಹೋಗದೆ ವಿಶ್ವಾಸಿಗಳ ಹತ್ತಿರ ಏಕೆ ಬಂತು? ಬ್ಯಾಂಕು ಮೂರು ವರ್ಷದ ಲೆಕ್ಕ ಕೇಳುತ್ತದೆ, ಅಡಮಾನ ಕೇಳುತ್ತದೆ, ಕಂತು ಯಾವ ಆದಾಯದಿಂದ ಕಟ್ಟುತ್ತೀರಿ ಎಂದು ಕೇಳುತ್ತದೆ. ಭಾನುವಾರದ ಆರಾಧನೆ ಮುಗಿಸಿ ಹೊರಗೆ ಬಂದವರು ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ನಮ್ಮ ಭಾಗದಲ್ಲಿ ಪತ್ತಿನ ಸಂಘಗಳು ಬಾಗಿಲು ಹಾಕಿದಾಗ ಮಗಳ ಮದುವೆಯ ಹಣ ಕಳೆದುಕೊಂಡು ಅಲೆದಾಡಿದವರನ್ನು ನಾವೆಲ್ಲ ಕಂಡಿದ್ದೇವೆ. ಪತ್ತಿನ ಸಂಘಕ್ಕೆ ಸಹಕಾರ ಇಲಾಖೆಯಾದರೂ ಮೇಲಿರುತ್ತದೆ. ಸೇವಾ ಸಂಸ್ಥೆ ಎತ್ತಿದ ಠೇವಣಿಯನ್ನು ತಿಂಗಳು ತಿಂಗಳು ನೋಡುವವರು ಯಾರೂ ಇಲ್ಲ.

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ನಡೆದದ್ದನ್ನು ನೀವು ತಿಳಿದಿರಬೇಕು. ಅಲ್ಲಿನ ಬ್ಯಾಪ್ಟಿಸ್ಟ್ ಸಭೆಗಳಿಗೆ ಸೇರಿದ ಬ್ಯಾಪ್ಟಿಸ್ಟ್ ಫೌಂಡೇಶನ್ ಆಫ್ ಅರಿಜೋನಾ ಎಂಬ ಸಂಸ್ಥೆ ಸಭೆಯ ಸದಸ್ಯರಿಂದ ಬಡ್ಡಿಗೆ ಹಣ ಎತ್ತುತ್ತಿತ್ತು. ಬಂದ ಲಾಭ ಧರ್ಮಕಾರ್ಯಕ್ಕೆ ಹೋಗುತ್ತದೆ ಎಂಬುದು ಅದರ ಭರವಸೆ. ಹಣವನ್ನು ಜಮೀನು, ಕಟ್ಟಡಗಳ ಮೇಲೆ ಹಾಕಿತು. ಅವುಗಳ ಬೆಲೆ ಬಿದ್ದಾಗ ನಷ್ಟವನ್ನು ಒಪ್ಪಿಕೊಳ್ಳದೆ, ತನ್ನವರೇ ನಡೆಸುತ್ತಿದ್ದ ಬೇರೆ ಕಂಪನಿಗಳಿಗೆ ಆ ಆಸ್ತಿಗಳನ್ನು ಹೆಚ್ಚಿನ ಬೆಲೆಗೆ ‘ಮಾರಿದಂತೆ’ ಪುಸ್ತಕದಲ್ಲಿ ಬರೆಯಿತು. ನಗದು ಬರಲಿಲ್ಲ, ‘ಬರಬೇಕಾದ ಬಾಕಿ’ ಎಂಬ ಸಾಲು ಮಾತ್ರ ಬೆಳೆಯಿತು. ಹಳೆಯ ಠೇವಣಿದಾರರ ಬಡ್ಡಿಯನ್ನು ಹೊಸಬರ ಹಣದಿಂದ ಕೊಟ್ಟರು. 1999ರಲ್ಲಿ ಸಂಸ್ಥೆ ದಿವಾಳಿಯಾದಾಗ ಸುಮಾರು 11,000 ಜನರ ಸುಮಾರು 57 ಕೋಟಿ ಡಾಲರ್ ಅದರಲ್ಲಿ ಸಿಕ್ಕಿಕೊಂಡಿತ್ತು. ಅವರಲ್ಲಿ ಬಹಳ ಜನ ನಿಮ್ಮಂತೆ ನಿವೃತ್ತಿಯ ಹಣ ಇಟ್ಟ ವೃದ್ಧರು.

ಅದರ ಲೆಕ್ಕವನ್ನು ಪ್ರತಿ ವರ್ಷ ಆಡಿಟ್ ಮಾಡಿ ಸರಿಯಿದೆ ಎಂದು ಸಹಿ ಹಾಕಿದ್ದು ಆರ್ಥರ್ ಆಂಡರ್ಸನ್. ಜಗತ್ತಿನ ಅತಿ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಅದೂ ಒಂದಾಗಿತ್ತು. 2002ರಲ್ಲಿ ರಾಜಿಯಾಗಿ 21.7 ಕೋಟಿ ಡಾಲರ್ ಕೊಡಲು ಅದು ಒಪ್ಪಿತು. ‘ಆಡಿಟ್ ಆಗಿದೆ’ ಎಂದು ಯಾರಾದರೂ ನಿಮ್ಮ ಬಾಯಿ ಮುಚ್ಚಿಸಲು ಬಂದರೆ ಇದನ್ನು ನೆನಪಿಸಿಕೊಳ್ಳಿ. ನಾನೂ ಲೆಕ್ಕಪರಿಶೋಧಕನೇ, ನಮ್ಮ ಸಹಿಯ ಬೆಲೆ ಎಷ್ಟು ಎಂದು ಬಲ್ಲೆ. ನಮ್ಮ ಮುಂದೆ ಇಟ್ಟ ಪುಸ್ತಕ, ವೋಚರುಗಳ ಆಧಾರದ ಮೇಲೆ ಲೆಕ್ಕ ನಿಜವಾದ ಚಿತ್ರ ಕೊಡುತ್ತದೆ ಎಂಬ ಅಭಿಪ್ರಾಯ ಅದು. ಸಂಸ್ಥೆ ನಾಳೆಯೂ ನಡೆಯುತ್ತದೆ, ಹಣ ವಿವೇಕದಿಂದ ಖರ್ಚಾಗಿದೆ ಎಂಬ ಖಾತರಿ ಆ ಸಹಿಯಲ್ಲಿ ಇರುವುದಿಲ್ಲ.

ಸಂಸ್ಥೆ ಮುಳುಗಲು ಕಳ್ಳತನವೇ ನಡೆಯಬೇಕೆಂದಿಲ್ಲ. ಚರ್ಚ್ ಆಫ್ ಇಂಗ್ಲೆಂಡಿನ ಹಣ ನೋಡಿಕೊಳ್ಳುವ ಚರ್ಚ್ ಕಮಿಷನರ್‌ಗಳು 1980ರ ದಶಕದ ಕೊನೆಯಲ್ಲಿ ಸಾಲ ತಂದು ಕಟ್ಟಡ ವ್ಯವಹಾರಕ್ಕೆ ಇಳಿದು ಸುಮಾರು 80 ಕೋಟಿ ಪೌಂಡ್ ಮೌಲ್ಯ ಕಳೆದರು. ಯಾರೂ ಜೇಬಿಗೆ ಹಾಕಿಕೊಂಡಿರಲಿಲ್ಲ, ಹೊತ್ತಿಗೆ ಸರಿಯಾಗಿ ಕೇಳುವವರು ಇರಲಿಲ್ಲ, ಅಷ್ಟೇ.

ಈಗ ನಿಮ್ಮ ಮೊದಲ ಪ್ರಶ್ನೆ. ದೊಡ್ಡ ಸೇವಾ ಸಂಸ್ಥೆಯ ಆರೋಗ್ಯವನ್ನು ಜನ ಕಟ್ಟಡ ನೋಡಿ ಅಳೆಯುತ್ತಾರೆ. ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ನಾಲ್ಕು ಎಕರೆ ಇದೆಯಲ್ಲ, ಅವರಿಗೇನು ಕಡಿಮೆ ಎನ್ನುತ್ತಾರೆ. ಆ ನಾಲ್ಕು ಎಕರೆಯಿಂದ ತಿಂಗಳ ಕೊನೆಗೆ ಒಬ್ಬ ದಾದಿಯ ಸಂಬಳವೂ ಹುಟ್ಟುವುದಿಲ್ಲ. ಮಾರುವಂತೆಯೂ ಇಲ್ಲ, ದಾನಪತ್ರದ ಷರತ್ತು, ಗುತ್ತಿಗೆಯ ಷರತ್ತು, ಸಭೆಯ ಅನುಮತಿ ಎಲ್ಲವೂ ಅಡ್ಡ ಬರುತ್ತವೆ. ನೋಡಬೇಕಾದದ್ದು ಬ್ಯಾಲೆನ್ಸ್ ಶೀಟಿನ (ಹಣ ಎಲ್ಲಿಂದ ಬಂತು ಎಂದು ಎಡಗಡೆ, ಈಗ ಯಾವ ರೂಪದಲ್ಲಿದೆ ಎಂದು ಬಲಗಡೆ ತೋರಿಸುವ ಪಟ್ಟಿ) ಎರಡು ಸಾಲುಗಳನ್ನು: ಎಡಗಡೆಯ ‘ಮೀಸಲು ನಿಧಿಗಳು’, ಬಲಗಡೆಯ ‘ನಗದು ಮತ್ತು ಬ್ಯಾಂಕ್ ಠೇವಣಿ’.

ತಿಳಿಯಲೆಂದು ಒಂದು ಕಾಲ್ಪನಿಕ ಲೆಕ್ಕ ಬರೆಯುತ್ತೇನೆ. ಎಡಗಡೆ ಮೂಲನಿಧಿ 20 ಕೋಟಿ, ಮೀಸಲು ನಿಧಿಗಳು 6 ಕೋಟಿ, ಸಾಲ ಮತ್ತು ಠೇವಣಿ 4 ಕೋಟಿ, ಕೊಡಬೇಕಾದ ಸಂಬಳ ಮತ್ತು ಬಿಲ್ಲುಗಳು 2 ಕೋಟಿ. ಬಲಗಡೆ ಜಮೀನು ಮತ್ತು ಕಟ್ಟಡ 24 ಕೋಟಿ, ಸಹ ಸಂಸ್ಥೆಗಳಿಗೆ ಮುಂಗಡ 4 ಕೋಟಿ, ಬರಬೇಕಾದ ಶುಲ್ಕ 1 ಕೋಟಿ, ಬ್ಯಾಂಕ್ ಠೇವಣಿ ಎರಡೂವರೆ ಕೋಟಿ, ಉಳಿತಾಯ ಖಾತೆ ಮತ್ತು ನಗದು 50 ಲಕ್ಷ. ಎರಡೂ ಕಡೆ 32 ಕೋಟಿ, ಲೆಕ್ಕ ಸರಿಹೊಂದಿತು. ವಾರ್ಷಿಕ ಸಭೆಯಲ್ಲಿ ‘ನಮ್ಮದು 32 ಕೋಟಿಯ ಸಂಸ್ಥೆ’ ಎಂದು ಓದುತ್ತಾರೆ, ಚಪ್ಪಾಳೆ ಬೀಳುತ್ತದೆ.

ಇನ್ನೊಮ್ಮೆ ನೋಡಿ. ಆ 6 ಕೋಟಿ ಮೀಸಲು ನಿಧಿಯಲ್ಲಿ ಮೂರೂವರೆ ಕೋಟಿ ಆಸ್ಪತ್ರೆ ಕಟ್ಟಡಕ್ಕೆ, ಒಂದೂವರೆ ಕೋಟಿ ಬಡ ಮಕ್ಕಳ ವಿದ್ಯಾರ್ಥಿವೇತನಕ್ಕೆ, ಒಂದು ಕೋಟಿ ಸಿಬ್ಬಂದಿಯ ಗ್ರಾಚ್ಯುಟಿಗೆ ಎಂದು ಬಂದ ಹಣ. ಬೇರೆ ಯಾವುದಕ್ಕೂ ಮುಟ್ಟುವ ಹಾಗಿಲ್ಲ. ಬಲಗಡೆ ಬ್ಯಾಂಕಿನಲ್ಲಿ ನಿಜವಾಗಿ ಇರುವುದು ಎಲ್ಲ ಸೇರಿ 3 ಕೋಟಿ. ಉಳಿದ 3 ಕೋಟಿ ಮೀಸಲು ಹಣ ಎಲ್ಲಿ ಹೋಯಿತು? ಸಂಬಳಕ್ಕೆ, ಹಳೆಯ ಸಾಲದ ಬಡ್ಡಿಗೆ, ಇಲ್ಲವೇ ಆ ಸಹ ಸಂಸ್ಥೆಗಳ ಮುಂಗಡಕ್ಕೆ ಹೋಗಿದೆ. ಅಂದರೆ ಈ ಸಂಸ್ಥೆಯ ಕೈಯಲ್ಲಿ ಸ್ವತಂತ್ರವಾಗಿ ಖರ್ಚು ಮಾಡಬಹುದಾದ ಒಂದು ರೂಪಾಯಿಯೂ ಇಲ್ಲ. ಬಡ ಮಕ್ಕಳ ಹೆಸರಿನಲ್ಲಿ ಬಂದ ಹಣದ ಮೇಲೆ ಅದು ಬದುಕಿದೆ. ಸಂಬಳ ತಡವಾಗುವುದು ಇಂಥ ಕಡೆಯೇ.

ನನ್ನ ವೃತ್ತಿಯಲ್ಲಿ ಕಂಡ ಬಹುಪಾಲು ತೊಂದರೆ ಇದೇ ಬಗೆಯದು. ಮೊದಲು ‘ಎರಡು ತಿಂಗಳಲ್ಲಿ ತುಂಬಿಸೋಣ’ ಎಂದು ಕಟ್ಟಡ ನಿಧಿಯಿಂದ ಸಂಬಳಕ್ಕೆ ತೆಗೆಯುತ್ತಾರೆ. ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಎರಡು ತಿಂಗಳು ಎರಡು ವರ್ಷವಾಗುತ್ತದೆ, ತುಂಬಿಸಲು ಹೊಸ ಮನವಿ ಹೊರಡುತ್ತದೆ. ಕೊಟ್ಟವನ ಮಾತನ್ನು ಅಲ್ಲಿಗೇ ಮುರಿದಾಯಿತು. ನನ್ನ ಮಟ್ಟಿಗೆ ಇದು ಸಣ್ಣ ತಪ್ಪಲ್ಲ.

ಆ ‘ಸಹ ಸಂಸ್ಥೆಗಳಿಗೆ ಮುಂಗಡ’ ಎಂಬ ಸಾಲಿನ ಮೇಲೂ ಬೆರಳಿಡಿ. ಯಾವ ಸಂಸ್ಥೆ, ಅದನ್ನು ನಡೆಸುವವರು ಯಾರು, ಎಂದು ಕೊಟ್ಟದ್ದು, ಬಡ್ಡಿ ಎಷ್ಟು, ಒಂದು ರೂಪಾಯಿಯಾದರೂ ಹಿಂದೆ ಬಂದಿದೆಯೇ? ಟ್ರಸ್ಟಿಗಳಿಗೆ, ಅವರ ಬಂಧುಗಳಿಗೆ ಅಥವಾ ಅವರ ಹಿತಾಸಕ್ತಿಯಿರುವ ಸಂಸ್ಥೆಗಳಿಗೆ ಸಾಕಷ್ಟು ಭದ್ರತೆ, ಬಡ್ಡಿ ಇಲ್ಲದೆ ಹಣ ಕೊಟ್ಟರೆ 1961ರ ಆದಾಯ ತೆರಿಗೆ ಕಾಯ್ದೆಯ 13ನೇ ಕಲಮಿನಡಿ ತೆರಿಗೆ ವಿನಾಯಿತಿಗೇ ಸಂಚಕಾರ. ಒಟ್ಟು ಆದಾಯ 5 ಕೋಟಿ ಮೀರಿದ ಅಥವಾ ವಿದೇಶಿ ದೇಣಿಗೆ ಪಡೆದ ಸಂಸ್ಥೆಯ ಆಡಿಟರ್ ‘10ಬಿ’ ನಮೂನೆಯಲ್ಲಿ ವರದಿ ಕೊಡಬೇಕು, ಇಂಥವರೊಂದಿಗಿನ ವ್ಯವಹಾರ ಅದರಲ್ಲಿ ದಾಖಲಾಗುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮು, ನಮೂನೆಗಳ ಸಂಖ್ಯೆ ಬೇರೆ. ನೀವು ಕೇಳಬೇಕಾದ ಹಿಂದಿನ ವರ್ಷಗಳ ವರದಿಗಳು ಹಳೆಯ ಹೆಸರಿನಲ್ಲೇ ಇರುತ್ತವೆ.

ಅನೇಕ ಕಡೆ ಬ್ಯಾಲೆನ್ಸ್ ಶೀಟಿನಲ್ಲಿ ಕಾಣದ ಸಾಲವೂ ಒಂದಿದೆ, ಗ್ರಾಚ್ಯುಟಿ. 2009ರ ತಿದ್ದುಪಡಿ ಶಿಕ್ಷಕರನ್ನೂ 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಗ್ರಾಚ್ಯುಟಿ ಕಾಯ್ದೆಯೊಳಗೆ ತಂದಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅನೇಕ ಶಾಲೆಗಳು ಇದಕ್ಕೆ ಹಣ ತೆಗೆದಿಡದೆ, ಯಾರಾದರೂ ನಿವೃತ್ತರಾದಾಗ ನೋಡೋಣ ಎಂದು ಕುಳಿತಿವೆ. ಒಂದೇ ವರ್ಷ ಏಳೆಂಟು ಹಿರಿಯ ಶಿಕ್ಷಕರು ನಿವೃತ್ತರಾದರೆ ಸಂಸ್ಥೆ ತತ್ತರಿಸುತ್ತದೆ.

ಯಾರ ಅನುಮತಿಯೂ ಇಲ್ಲದೆ ನೀವೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಿಬ್ಬಂದಿಯ ಭವಿಷ್ಯ ನಿಧಿಯನ್ನು ಮರು ತಿಂಗಳ 15ರೊಳಗೆ ಕಟ್ಟಬೇಕು. ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಉದ್ಯೋಗದಾತ ಸಂಸ್ಥೆಗಳನ್ನು ಹುಡುಕುವ ಪುಟವಿದೆ. ಸಂಸ್ಥೆಯ ಹೆಸರು ಹಾಕಿದರೆ ಯಾವ ತಿಂಗಳ ಹಣ ಯಾವಾಗ ಜಮೆಯಾಯಿತು, ಎಷ್ಟು ಜನರದ್ದು ಎಂಬುದು ತೋರುತ್ತದೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ಎರಡು ವರ್ಷಗಳದ್ದನ್ನು ತೆಗೆದು ನೋಡಿ. ಮೊದಲು 12, 13ನೇ ತಾರೀಕಿಗೆ ಬರುತ್ತಿದ್ದ ಹಣ ಆಮೇಲೆ ತಿಂಗಳುಗಟ್ಟಲೆ ತಡವಾಗಿ, ಒಮ್ಮೆಲೇ ಮೂರು ತಿಂಗಳದ್ದು ಸೇರಿ ಜಮೆಯಾಗಿದ್ದರೆ ನಗದಿನ ಬಿಕ್ಕಟ್ಟು ಯಾವಾಗ ಶುರುವಾಯಿತು ಎಂಬುದು ಗೊತ್ತಾಗುತ್ತದೆ. ವಾರ್ಷಿಕ ವರದಿಯ ಬಣ್ಣದ ಚಿತ್ರಗಳಿಗಿಂತ ಈ ತಾರೀಕುಗಳನ್ನು ನಾನು ಹೆಚ್ಚು ನಂಬುತ್ತೇನೆ.

ವಿದೇಶಿ ದೇಣಿಗೆಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಸಂಬಳ ತಡವಾಗಲು ಆಡಳಿತದ ತಪ್ಪಲ್ಲದ ಕಾರಣವೂ ಇಲ್ಲಿ ಇರಬಹುದು. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾದ ಮೇಲೆ ಹಣ ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬಂದ ಹಣವನ್ನು ಬೇರೆ ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಆಡಳಿತ ವೆಚ್ಚದ ಮಿತಿ ಶೇ 50ರಿಂದ ಶೇ 20ಕ್ಕೆ ಇಳಿದಿದೆ. ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಮದರ್ ತೆರೇಸಾ ಕಟ್ಟಿದ ಮಿಷನರೀಸ್ ಆಫ್ ಚಾರಿಟಿಗೇ 2021ರ ಡಿಸೆಂಬರ್‌ನಲ್ಲಿ ನವೀಕರಣ ನಿರಾಕರಣೆಯಾಗಿ 2022ರ ಜನವರಿಯಲ್ಲಿ ಮತ್ತೆ ಸಿಕ್ಕಿತು. ನಿಮ್ಮ ಸಂಸ್ಥೆಗೂ ಹಾಗೇನಾದರೂ ಆಗಿದ್ದರೆ ಅದನ್ನು ಸಭೆಯ ಮುಂದೆ ಹೇಳಬೇಕಿತ್ತು. ಅನ್ಯಾಯವಾಗಿದೆ ಎನಿಸಿದರೆ ಜನ ಜೊತೆಗೆ ನಿಲ್ಲುತ್ತಾರೆ. ಮುಚ್ಚಿಟ್ಟು ಠೇವಣಿ ಎತ್ತುವುದಕ್ಕೆ ಮಾತ್ರ ಸಮರ್ಥನೆಯೇ ಇಲ್ಲ. ವಿದೇಶಿ ದೇಣಿಗೆಯ ಆಡಿಟ್ ಆದ ಲೆಕ್ಕವನ್ನು ಆರ್ಥಿಕ ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಸಂಸ್ಥೆಯ ಅಥವಾ ಕೇಂದ್ರ ಸರ್ಕಾರ ಸೂಚಿಸಿದ ಜಾಲತಾಣದಲ್ಲಿ ಹಾಕಬೇಕೆಂಬ ನಿಯಮವಿದೆ. ಅದನ್ನು ಹುಡುಕಿ.

ನಿಮ್ಮ ಹಕ್ಕಿನ ವಿಚಾರಕ್ಕೆ ಬರುತ್ತೇನೆ. ‘ದೇವರ ಕೆಲಸದಲ್ಲಿ ಸಂಶಯ ಬೇಡ’ ಎಂದವರಿಗೆ ಮೊದಲು ಅವರದೇ ಗ್ರಂಥದಿಂದ ಉತ್ತರ ಕೊಡಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೇ ಅಧ್ಯಾಯದಲ್ಲಿ, ಯೆರೂಸಲೇಮಿನ ಬಡವರಿಗೆಂದು ಕೂಡಿಸಿದ ಹಣವನ್ನು ಪೌಲ ತಾನೊಬ್ಬನೇ ಒಯ್ಯುವುದಿಲ್ಲ. ಸಭೆಗಳು ಆರಿಸಿದವನೊಬ್ಬನನ್ನು ಜೊತೆಗೆ ಇಟ್ಟುಕೊಳ್ಳುತ್ತಾನೆ. ಈ ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಎದುರಷ್ಟೇ ಅಲ್ಲ, ಮನುಷ್ಯರ ಎದುರೂ ಸರಿಯಾಗಿ ನಡೆಯಬೇಕು ಎಂಬುದು ಅವನು ಕೊಡುವ ಕಾರಣ. ಸಂಸ್ಥೆ ಕಥೋಲಿಕ ಧರ್ಮಪ್ರಾಂತ್ಯದ್ದಾದರೆ ಅವರ 1983ರ ಧರ್ಮಸಂಹಿತೆಯೇ ಇನ್ನೂ ಸ್ಪಷ್ಟವಾಗಿದೆ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೇ ಬಳಸಬೇಕು ಎನ್ನುತ್ತದೆ 1267ನೇ ವಿಧಿ. ವಿಶ್ವಾಸಿಗಳು ಕೊಟ್ಟದ್ದರ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕು ಎನ್ನುತ್ತದೆ 1287ನೇ ವಿಧಿ. ಪ್ರತಿ ಧರ್ಮಪ್ರಾಂತ್ಯಕ್ಕೂ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ. ಆ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಬಾರಿ ಎಂದು ಸೇರಿತ್ತು ಎಂದು ಕೇಳುವುದರಲ್ಲಿ ಅವಿಶ್ವಾಸ ಏನೂ ಇಲ್ಲ.

ಕಾನೂನಿನ ದಾರಿ ಸಂಸ್ಥೆ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾಗಿದ್ದರೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಆಡಿಟ್ ಆದ ಲೆಕ್ಕ ಪ್ರತಿ ವರ್ಷ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬೇಕು. ಅಲ್ಲಿ ನಕಲಿಗೆ ಅರ್ಜಿ ಹಾಕಿ. ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಕೇಳಿದರೆ 25ನೇ ಕಲಮಿನಡಿ ವಿಚಾರಣೆ ನಡೆಯುತ್ತದೆ. ಸಾರ್ವಜನಿಕ ಟ್ರಸ್ಟ್ ಆಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿದೆ. ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಲೆಕ್ಕ ಕೊಡಿಸಿ, ಟ್ರಸ್ಟಿಯನ್ನು ತೆಗೆಯಿರಿ ಎಂದು ದಾವೆ ಹೂಡಬಹುದು. ಇದು ಕೊನೆಯ ಅಸ್ತ್ರ, ವರ್ಷಗಟ್ಟಲೆ ಎಳೆಯುತ್ತದೆ. 1950ರಲ್ಲಿ ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯ್ದೆ ಬಂದಾಗ ಬೆಳಗಾವಿ, ವಿಜಯಪುರ ಮುಂಬೈ ರಾಜ್ಯದಲ್ಲೇ ಇದ್ದುದರಿಂದ ಇಲ್ಲಿನ ಹಳೆಯ ಸಂಸ್ಥೆಗಳ ಕಾಗದಗಳಲ್ಲಿ ಚಾರಿಟಿ ಕಮಿಷನರ್ ಕಚೇರಿಯ ನೋಂದಣಿ ಸಿಗುವುದುಂಟು. ಮೂಲ ದಾನ ಯಾವ ಉದ್ದೇಶಕ್ಕೆ ಎಂದು ತಿಳಿಯಲು ಆ ಕಾಗದ ಬಹಳ ಉಪಯುಕ್ತ. ಶಾಲೆ ಅನುದಾನಿತವಾದರೆ ಸರ್ಕಾರದಿಂದ ಎಷ್ಟು ಅನುದಾನ ಬಂತು ಎಂಬುದನ್ನು ಮಾಹಿತಿ ಹಕ್ಕಿನಡಿ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಚೇರಿಯಲ್ಲೇ ಕೇಳಬಹುದು. ಖಾನಾಪುರ, ಬೆಳಗಾವಿಯವರಿಗೆ ಬೆಳಗಾವಿ ಶೈಕ್ಷಣಿಕ ಜಿಲ್ಲೆ, ಚಿಕ್ಕೋಡಿ ಕಡೆಯವರಿಗೆ ಚಿಕ್ಕೋಡಿ. ಮಠದ ಟ್ರಸ್ಟಿಗಾಗಲಿ, ದರ್ಗಾ ಸಮಿತಿಗಾಗಲಿ ನಾನು ಹಿಡಿಯುವ ಅಳತೆ ಇದೇ. ಚರ್ಚು ಎಂದು ಹೆಚ್ಚು ಬಿಗಿಯೂ ಇಲ್ಲ, ಸಡಿಲವೂ ಇಲ್ಲ.

ಹೊಣೆಗಾರಿಕೆ ದೊಡ್ಡ ಕಾಗದಗಳಲ್ಲಿ ಮಾತ್ರ ಇರುವುದಿಲ್ಲ. ಕಾಣಿಕೆ ಚೀಲವನ್ನು ಭಾನುವಾರ ಯಾರು ತೆರೆಯುತ್ತಾರೆ ಎಂಬುದನ್ನು ಗಮನಿಸಿ. ಸರಿಯಾದ ಕಡೆ ಬಂಧುಗಳಲ್ಲದ ಇಬ್ಬರು ಎಣಿಸುತ್ತಾರೆ. 500ರದ್ದು ಎಷ್ಟು, 200ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತಾರೆ. ಸೋಮವಾರ ಅದೇ ಮೊತ್ತ, ಒಂದು ರೂಪಾಯಿ ಕಡಿಮೆಯಾಗದೆ, ಬ್ಯಾಂಕಿಗೆ ಜಮೆಯಾಗುತ್ತದೆ. ಎಣಿಕೆ ಹಾಳೆ, ಬ್ಯಾಂಕಿನ ಚಲನ್, ಕಿರ್ದಿಯ ಸಾಲು ಮೂರೂ ಒಂದೇ ಅಂಕೆ ಹೇಳಬೇಕು. ‘ಸ್ವಲ್ಪ ಖರ್ಚಿಗೆ ಇಟ್ಟುಕೊಂಡು ಉಳಿದದ್ದು ಕಟ್ಟಿದೆವು’ ಎಂಬ ರೂಢಿ ಇದ್ದಲ್ಲಿ ಮೇಲಿನ 32 ಕೋಟಿಯ ಲೆಕ್ಕವನ್ನೂ ನಾನು ಅನುಮಾನದಿಂದಲೇ ನೋಡುತ್ತೇನೆ.

ಕಾಣಿಕೆ ನಿಲ್ಲಿಸಬೇಕೇ? ಪೂರ್ತಿ ನಿಲ್ಲಿಸಿ ಎನ್ನಲು ನನಗೆ ಮನಸ್ಸಿಲ್ಲ. ವಸತಿನಿಲಯದಲ್ಲಿ ಮಕ್ಕಳಿದ್ದಾರೆ, ಅವರ ಊಟ ನಿಲ್ಲಬಾರದು. ನಗದು ಕೊಡಬೇಡಿ, ಚೆಕ್ಕಿನಲ್ಲಿ ಕೊಡಿ. ಜೊತೆಗೆ ‘ವಸತಿನಿಲಯದ ಆಹಾರಕ್ಕೆ ಮಾತ್ರ’ ಎಂದು ಪತ್ರ ಬರೆದು ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ದಾನಿಗೆ ತೆರಿಗೆ ಕಡಿತ ಕೊಡಿಸುವ ನೋಂದಣಿ (ಹಳೆಯ ಕಾಯ್ದೆಯಲ್ಲಿ 80ಜಿ) ಇದ್ದರೆ ದೇಣಿಗೆಯ ಪ್ರಮಾಣಪತ್ರ (ಹಳೆಯ ಹೆಸರು ‘10ಬಿಇ’) ಕೇಳಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದರಿಂದ ತೆರಿಗೆ ಲಾಭ ಇಲ್ಲದಿದ್ದರೂ, ನಿಮ್ಮ ಹಣ ಅವರ ಪುಸ್ತಕಕ್ಕೆ ಏರಿ ಇಲಾಖೆಗೆ ವರದಿಯಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಹೊಸ ಕಟ್ಟಡದ ಮನವಿಗೆ ಮಾತ್ರ ಈಗ ಒಂದು ರೂಪಾಯಿಯನ್ನೂ ಕೊಡಬೇಡಿ.

ಅಧ್ಯಕ್ಷರಿಗೆ ವಿನಯದಿಂದ ಒಂದು ಪತ್ರ ಬರೆಯಿರಿ. ನಿಮ್ಮಂತೆ ಠೇವಣಿ ಇಟ್ಟ ನಾಲ್ಕು ಜನರ ಸಹಿಯೂ ಇರಲಿ. ಹಿಂದಿನ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಆಡಿಟರ್ ವರದಿ, ಮೀಸಲು ನಿಧಿಗಳಿಗೆ ಎದುರಾಗಿ ಯಾವ ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂಬ ಪಟ್ಟಿ, ಎತ್ತಿದ ಒಟ್ಟು ಠೇವಣಿಯ ಮೊತ್ತ, ಇಷ್ಟನ್ನು ಕೇಳಿ ಒಂದು ತಿಂಗಳ ಅವಕಾಶ ಕೊಡಿ. ಆರೋಗ್ಯವಾಗಿರುವ ಸಂಸ್ಥೆಗೆ ಇದು ಅರ್ಧ ದಿನದ ಕೆಲಸ. ಕಷ್ಟದಲ್ಲಿದ್ದೂ ಪ್ರಾಮಾಣಿಕವಾಗಿರುವ ಸಂಸ್ಥೆ ನಿಮ್ಮನ್ನು ಕರೆದು ಕೂರಿಸಿ ಮಾತನಾಡುತ್ತದೆ, ಅಂಥವರಿಗೆ ಸಮಯ ಕೊಡಿ. ಲೆಕ್ಕ ಕೇಳಿದವರ ವಿಶ್ವಾಸದ ಬಗ್ಗೆ ಪ್ರಸಂಗ ಮಾಡಿದರೆ ವಕೀಲರ ನೋಟಿಸ್ ಕಳಿಸಲು ಹಿಂಜರಿಯಬೇಡಿ.

ಠೇವಣಿಯ ಅವಧಿ ಮುಗಿದಾಗ ಬಡ್ಡಿ ಸೇರಿಸಿ ಮುಂದುವರಿಸುತ್ತೇವೆ ಎಂದರೆ ಒಪ್ಪಬೇಡಿ, ಅಸಲನ್ನು ನಿಮ್ಮ ಬ್ಯಾಂಕ್ ಖಾತೆಗೇ ಹಾಕಿಸಿ. ಮುಂದಿನ ದಿನಾಂಕದ ಚೆಕ್ ಕೊಟ್ಟರೆ ಆ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಹಣವಿಲ್ಲದೆ ಮರಳಿದರೆ ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸ್ ಹೋಗಬೇಕು. ಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದು ಮುಗಿಯುವ ಮೊದಲೇ ಸಂಸ್ಥೆ ಸಹಿ ಹಾಕಿ ಬಾಕಿಯನ್ನು ಒಪ್ಪಿಕೊಂಡರೆ ಆ ದಿನದಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಆದ್ದರಿಂದ ಪ್ರತಿ ಮಾರ್ಚ್ 31ಕ್ಕೆ ‘ಇಂಥವರಿಗೆ ಇಷ್ಟು ಅಸಲು, ಇಷ್ಟು ಬಡ್ಡಿ ಬಾಕಿ’ ಎಂಬ ದೃಢೀಕರಣ ಪತ್ರವನ್ನು ಅಧಿಕೃತ ಸಹಿ, ಮುದ್ರೆಯೊಂದಿಗೆ ಪಡೆದು, ಮೂಲ ರಸೀದಿಯ ಜೊತೆ ಇಟ್ಟುಕೊಳ್ಳಿ. ಈ ವರ್ಷದ್ದನ್ನು ಇನ್ನೂ ಪಡೆದಿಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ.